ಹಳೇ ಚಿನ್ನದ ನಾಣ್ಯ: ಕೊಳ್ಳುವಾಗ ಒಂದು ರೇಟು, ಮಾರುವಾಗ ಇನ್ನೊಂದು

ಚಳ್ಳಕೆರೆ: ಇಲ್ಲಿ ಶೇಂಗಾ ಮಾರಿದ ದುಡ್ಡು, ಮೊಳಕಾಲ್ಮುರಿನಲ್ಲಿ ರೇಷ್ಮೆ ಸೀರೆ ವ್ಯಾಪಾರದ ಉಳಿತಾಯ ಚಿನ್ನಕ್ಕೆ ಹೋಗೋದು ಹೊಸದೇನಲ್ಲ. ಆದರೆ ಒಡವೆ ಬದಲು ಹಳೇ ನಾಣ್ಯ ಕೊಳ್ಳೋಣ ಎನ್ನುವವರು ಒಂದು ಲೆಕ್ಕ ತಿಳಿದಿರಬೇಕು.

ಹಳೇ ನಾಣ್ಯಕ್ಕೆ ಎರಡು ಬೆಲೆ. ಒಂದು ಚಿನ್ನದ್ದು, ಇನ್ನೊಂದು ಅಪರೂಪದ್ದು. ಬ್ರಿಟಿಷ್ ಸವರನ್ ತೂಕ 7.98 ಗ್ರಾಂ, 22 ಕ್ಯಾರೆಟ್. ಅದರಲ್ಲಿ ಅಪ್ಪಟ ಚಿನ್ನ 7.32 ಗ್ರಾಂ. ಸಂಗ್ರಹಕಾರರು ಇಸವಿ, ಸವಕಳಿ ನೋಡಿ ಹೆಚ್ಚು ಕೊಟ್ಟಾರು. ತುರ್ತಿಗೆ ಊರಿನ ಅಂಗಡಿಗೆ ಒಯ್ದರೆ ಸಾಮಾನ್ಯವಾಗಿ ಸಿಗೋದು ಚಿನ್ನದ ಬೆಲೆಯಷ್ಟೇ.

ಹಾಗಾಗಿ ಮದುವೆ, ಓದು, ಬಿತ್ತನೆಗೆ ಬೇಕಾಗುವ ದುಡ್ಡನ್ನು ಹಳೇ ನಾಣ್ಯಕ್ಕೆ ಹಾಕಬೇಡಿ. ಅದಕ್ಕೆ 999 ಶುದ್ಧತೆಯ ಸೀಲ್ ಪ್ಯಾಕ್ ಹೊಸ ನಾಣ್ಯ ಸಾಕು. ಅದಕ್ಕೆ ಕಟ್ಟುವ ಶೇ 3ರ ಜಿಎಸ್‌ಟಿ ಮಾರುವಾಗ ವಾಪಸ್ ಬರಲ್ಲ. ಬಿಲ್ ಮಾತ್ರ ಜೋಪಾನವಾಗಿರಲಿ.

'ಪಾಯ ತೋಡುವಾಗ ನಿಧಿ ಸಿಕ್ಕಿದೆ, ಅರ್ಧ ರೇಟಿಗೆ ಕೊಡ್ತೀವಿ' ಎಂದು ಯಾರಾದರೂ ಫೋನ್ ಮಾಡಿದರೆ ಮೋಸ ಅಂತಲೇ ತಿಳಿಯಿರಿ. ಮೊದಲು ಒಂದೆರಡು ಅಸಲಿ ನಾಣ್ಯ ಕೊಟ್ಟು ನಂಬಿಸಿ, ಆಮೇಲೆ ನಕಲಿ ಗಂಟು ದಾಟಿಸುವುದು ಇವರ ವರಸೆ. ನಿಜವಾಗಿ ನಿಧಿ ಸಿಕ್ಕರೂ ಜಿಲ್ಲಾಧಿಕಾರಿಗೆ ತಿಳಿಸಬೇಕು, ಗುಟ್ಟಾಗಿ ಮಾರುವಂತಿಲ್ಲ. ಇಂಥ ಕರೆ ಬಂದರೆ 112ಕ್ಕೆ ತಿಳಿಸಿ.