ಕಹಿಯ ಅರಿವಿನ ಪ್ರೋಟೀನು: ಗಸ್ಟ್‌ಡ್ಯೂಸಿನ್

ನಮ್ಮ ಪರಂಪರೆಯು ಸಿಹಿ, ಹುಳಿ, ಉಪ್ಪು, ಖಾರ, ಕಹಿ, ಒಗರು ಎಂಬ ಷಡ್ರಸಗಳನ್ನು ಹೇಳುತ್ತದೆ. ಆಧುನಿಕ ಶರೀರಕ್ರಿಯಾವಿಜ್ಞಾನವು ಸಿಹಿ, ಹುಳಿ, ಉಪ್ಪು, ಕಹಿ ಮತ್ತು ಉಮಾಮಿಗಳನ್ನು ಮೂಲರುಚಿಗಳೆಂದು ಪರಿಗಣಿಸುತ್ತದೆ. ಖಾರವನ್ನು ಉರಿ ಮತ್ತು ನೋವನ್ನು ತಿಳಿಸುವ ನರಗಳು ಗ್ರಹಿಸುತ್ತವೆ. ಒಗರು ಬಹುಮಟ್ಟಿಗೆ ಸ್ಪರ್ಶಾನುಭವ. ಈ ಎರಡೂ ಎಣಿಕೆಗಳಲ್ಲಿ ಕಹಿಗೆ ಸ್ಥಾನವಿದೆ. ಸಸ್ಯಜನ್ಯ ವಿಷಗಳಲ್ಲಿ ಅನೇಕವು ಕಹಿಯಾಗಿರುವುದರಿಂದ ಅದನ್ನು ದೇಹದ ಕಾವಲುಗಾರನೆಂದು ವಿಜ್ಞಾನಿಗಳು ಬಗೆಯುತ್ತಾರೆ. ಈ ಕಾವಲು ನಡೆಯುವ ಬಗೆಯನ್ನೂ, ಅದರ ಮುಖ್ಯ ಪ್ರೋಟೀನನ್ನು ಪ್ರಯೋಗಾಲಯಕ್ಕಾಗಿ ತಯಾರಿಸುವ ಕ್ರಮವನ್ನೂ, ಅದರ ಮಿತಿಯನ್ನೂ ವಿವರಿಸುವುದು ಪ್ರಸ್ತುತ ಲೇಖನದ ಉದ್ದೇಶ.

ನಾಲಿಗೆಯಿಂದ ನರಕ್ಕೆ

ರುಚಿಮೊಗ್ಗುಗಳ ಕೋಶಗಳ ಪೊರೆಯಲ್ಲಿ ಕಹಿಯನ್ನು ಗುರುತಿಸುವ ಸುಮಾರು 25 ಬಗೆಯ ಗ್ರಾಹಕಗಳು ಮನುಷ್ಯನಲ್ಲಿವೆ. ಕಹಿ ಅಣುವು ಗ್ರಾಹಕಕ್ಕೆ ತಗುಲಿದೊಡನೆ ಅದರ ಒಳಬದಿಯಲ್ಲಿ ಕಾದಿರುವ ಜಿ-ಪ್ರೋಟೀನು ಎಚ್ಚರಗೊಳ್ಳುತ್ತದೆ. ಇದೇ ಗಸ್ಟ್‌ಡ್ಯೂಸಿನ್. ಇದರಲ್ಲಿ ಆಲ್ಫಾ, ಬೀಟಾ, ಗಾಮಾ ಎಂಬ ಮೂರು ಉಪಘಟಕಗಳಿವೆ. ವಿಶ್ರಾಂತ ಸ್ಥಿತಿಯಲ್ಲಿ ಆಲ್ಫಾ ಭಾಗವು ಜಿಡಿಪಿ ಎಂಬ ಅಣುವನ್ನು ಹಿಡಿದಿರುತ್ತದೆ. ಎಚ್ಚರಗೊಂಡಾಗ ಅದನ್ನು ಬಿಟ್ಟು ಜಿಟಿಪಿಯನ್ನು ಹಿಡಿದು ಉಳಿದೆರಡರಿಂದ ಬೇರ್ಪಡುತ್ತದೆ. ಬಿಡುಗಡೆಯಾದ ಬೀಟಾ-ಗಾಮಾ ಜೋಡಿಯು ಫಾಸ್ಫೋಲೈಪೇಸ್ ಎಂಬ ಕಿಣ್ವವನ್ನು ಪ್ರಚೋದಿಸುತ್ತದೆ. ಇದರಿಂದ ಕೋಶದೊಳಗಿನ ಸಂಗ್ರಹದಿಂದ ಕ್ಯಾಲ್ಸಿಯಂ ಹೊರಬರುತ್ತದೆ, ಟಿಆರ್‌ಪಿಎಂ5 ಎಂಬ ಅಯಾನು ಮಾರ್ಗ ತೆರೆಯುತ್ತದೆ, ಕೊನೆಗೆ ಕೋಶವು ಎಟಿಪಿಯನ್ನು ಹೊರಸೂಸಿ ನರತಂತುವಿಗೆ ಸುದ್ದಿ ಮುಟ್ಟಿಸುತ್ತದೆ.

1992ರಲ್ಲಿ ರಾಬರ್ಟ್ ಮಾರ್ಗೋಲ್ಸ್ಕಿ ಮತ್ತು ಸಂಗಡಿಗರು ಗಸ್ಟ್‌ಡ್ಯೂಸಿನ್‌ನ ಆಲ್ಫಾ ಭಾಗವನ್ನು ಇಲಿಯ ರುಚಿಕೋಶಗಳಲ್ಲಿ ಗುರುತಿಸಿದರು. ಕಣ್ಣಿನಲ್ಲಿ ಬೆಳಕಿನ ಸಂಕೇತವನ್ನು ಸಾಗಿಸುವ ಟ್ರಾನ್ಸ್‌ಡ್ಯೂಸಿನ್‌ನೊಡನೆ ಇದಕ್ಕೆ ನಿಕಟ ಸಾಮ್ಯವಿದೆ. ಹೆಸರು ಹುಟ್ಟಿದ್ದೂ ಆ ಸಾಮ್ಯದಿಂದಲೇ. 1996ರಲ್ಲಿ ಈ ವಂಶವಾಹಿಯಿಲ್ಲದ ಇಲಿಗಳಲ್ಲಿ ಕಹಿಗೂ ಸಿಹಿಗೂ ಪ್ರತಿಕ್ರಿಯೆ ಕುಂದಿದ್ದು ಕಂಡುಬಂದಿತು. ಆದರೆ ಅದು ಪೂರ್ಣವಾಗಿ ಅಳಿಯಲಿಲ್ಲ. ಹೀಗಾಗಿ ಬೇರೆ ಜಿ-ಪ್ರೋಟೀನುಗಳೂ ಈ ಕಾರ್ಯದಲ್ಲಿ ಪಾಲ್ಗೊಳ್ಳುತ್ತವೆ ಎಂದು ತಿಳಿಯಬೇಕಾಗುತ್ತದೆ.

ಪ್ರಯೋಗಾಲಯದ ರೂಪ

ನಾಲಿಗೆಯಲ್ಲಿ ರುಚಿಕೋಶಗಳು ಅತ್ಯಲ್ಪ. ಆದ್ದರಿಂದ ಸಂಶೋಧನೆಗೆ ಬೇಕಾದ ಪ್ರೋಟೀನನ್ನು ಅವುಗಳಿಂದ ಬೇರ್ಪಡಿಸುವುದು ದುಸ್ಸಾಧ್ಯ. ಇದಕ್ಕೆ ಪರಿಹಾರವೇ ಪುನಃಸಂಯೋಜಿತ ತಂತ್ರ. ಮಾನವನ ವಂಶವಾಹಿಯ ಪ್ರತಿಯನ್ನು ಪ್ಲಾಸ್ಮಿಡ್ ಎಂಬ ಡಿಎನ್‌ಎ ಉಂಗುರದಲ್ಲಿ ಸೇರಿಸಿ ಬೇರೊಂದು ಜೀವಕೋಶಕ್ಕೆ ಕೊಟ್ಟರೆ, ಆ ಕೋಶವು ಮಾನವ ಪ್ರೋಟೀನನ್ನು ತಯಾರಿಸತೊಡಗುತ್ತದೆ. ಪ್ರೋಟೀನಿನ ತುದಿಗೆ ಹಿಸ್ಟಿಡಿನ್‌ಗಳ ಸಣ್ಣ ಬಾಲ ಜೋಡಿಸಿದರೆ, ಅದನ್ನು ನಿಕ್ಕಲ್ ಸ್ತಂಭದ ಮೂಲಕ ಶುದ್ಧೀಕರಿಸಬಹುದು. ಮಾನವ ಆಲ್ಫಾ ಗಸ್ಟ್‌ಡ್ಯೂಸಿನ್‌ನಲ್ಲಿ 354 ಅಮೈನೋ ಆಮ್ಲಗಳಿವೆ.

ಆತಿಥೇಯ ಕೋಶದ ಆಯ್ಕೆ ಇಲ್ಲಿ ಮಹತ್ವದ್ದು. ಬ್ಯಾಕ್ಟೀರಿಯಾದಲ್ಲಿ ತಯಾರಿಕೆ ಅಗ್ಗ. ಆದರೆ ಪ್ರೋಟೀನಿನ ಆರಂಭದ ತುದಿಗೆ ಕೊಬ್ಬಿನಾಮ್ಲದ ತುಣುಕನ್ನು ಸೇರಿಸುವ ಕಿಣ್ವ ಅದರಲ್ಲಿಲ್ಲ. ಈ ತುಣುಕು ಪೊರೆಗೆ ಅಂಟಿಕೊಳ್ಳಲು ನೆರವಾಗುತ್ತದೆ. 1995ರಲ್ಲಿ ಸಂಶೋಧಕರು ವೈರಸ್ಸಿನ ಮೂಲಕ ಕೀಟಕೋಶಗಳಲ್ಲಿ ಕ್ರಿಯಾಶೀಲ ಗಸ್ಟ್‌ಡ್ಯೂಸಿನ್ ಪಡೆದರು. ಬಳಕೆದಾರನು ತನ್ನ ಉದ್ದೇಶವನ್ನು ಮೊದಲೇ ನಿರ್ಧರಿಸಿಕೊಳ್ಳಬೇಕು: ಪ್ರತಿಕಾಯ ಪರೀಕ್ಷೆಗೆ ಬೇಕಾದ ಮಾದರಿಗೆ ಸರಿಯಾದ ಮಡಿಕೆಯಿಲ್ಲದಿದ್ದರೂ ಕೆಲಸವಾಗಬಹುದು, ಜಿಟಿಪಿ ಹಿಡಿಯುವ ಕ್ರಿಯೆಯ ಅಧ್ಯಯನಕ್ಕೆ ಆಗದು. 'ಸಂಶೋಧನೆಗೆ ಮಾತ್ರ' ಎಂಬ ಸೂಚನೆಯುಳ್ಳ ಇಂಥ ಪ್ರೋಟೀನು ಔಷಧವೂ ಅಲ್ಲ, ಆಹಾರದ ಸೇರ್ಪಡೆಯೂ ಅಲ್ಲ.

ಇದರ ಫಲವಾಗಿ ಕಹಿಯ ಗ್ರಹಿಕೆಯ ಚಿತ್ರಣವು ಸ್ಪಷ್ಟವಾಗಿದೆ. 2022ರಲ್ಲಿ ಟಿಎಎಸ್2ಆರ್46 ಎಂಬ ಕಹಿ ಗ್ರಾಹಕದ ರಚನೆಯು ಸ್ಟ್ರಿಕ್ನಿನ್ ಸಹಿತವಾಗಿ ಪ್ರಕಟವಾಯಿತು. ನಮ್ಮ ಕಾಡುಗಳ ಕಾಸರಕ ಮರದ ಬೀಜದಲ್ಲಿರುವ ವಿಷ ಇದೇ. ಮಕ್ಕಳು ಉಗುಳುವ ಕಹಿ ಔಷಧಗಳನ್ನು ಸಹ್ಯಗೊಳಿಸುವ ಪ್ರಯತ್ನಗಳಿಗೂ ಈ ತಿಳಿವಳಿಕೆ ಆಧಾರವಾಗಬಲ್ಲದು.

ಕರ್ನಾಟಕದ ಸಂದರ್ಭ

ರುಚಿ ಮತ್ತು ವಾಸನೆಗಳ ಅನುವಂಶಿಕ ಅಧ್ಯಯನಕ್ಕೆ ನಮ್ಮ ನಾಡಿನ ನಂಟಿದೆ. ಒಬೈದ್ ಸಿದ್ದೀಕಿ ಮತ್ತು ವೆರೋನಿಕಾ ರಾಡ್ರಿಗಸ್ ಅವರು ಹಣ್ಣುನೊಣಗಳಲ್ಲಿ ಈ ಸಂವೇದನೆಗಳನ್ನು ಕುರಿತು ಮುಂಬಯಿಯ ಟಾಟಾ ಸಂಸ್ಥೆಯಲ್ಲಿ ಕೆಲಸ ಮಾಡಿದರು. ಮುಂದೆ ಸಿದ್ದೀಕಿಯವರು ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದ ಸ್ಥಾಪಕ ನಿರ್ದೇಶಕರಾದರು. ನೊಣದ ಗ್ರಾಹಕಗಳು ಮನುಷ್ಯನವುಗಳಿಂದ ಭಿನ್ನವಾದರೂ, ಒಂದೊಂದು ವಂಶವಾಹಿಯನ್ನು ಕೆಡಿಸಿ ಸಂವೇದನೆಯ ಮಾರ್ಗವನ್ನು ಅರಿಯುವ ತರ್ಕ ಒಂದೇ.

ಈ ವಿಷಯವು ಯಾದಗಿರಿ ಜಿಲ್ಲೆಗೆ ಇನ್ನೊಂದು ರೀತಿಯಲ್ಲಿ ಪ್ರಸ್ತುತ. ಕಡೇಚೂರು ಕೈಗಾರಿಕಾ ಪ್ರದೇಶದಲ್ಲಿ ರಾಸಾಯನಿಕ ಮತ್ತು ಔಷಧ ತಯಾರಿಕಾ ಘಟಕಗಳಿವೆ. ದುರ್ವಾಸನೆಯ ಬಗೆಗೆ ಸುತ್ತಲಿನ ಗ್ರಾಮಸ್ಥರು ದೂರಿದ್ದಾರೆ. ವಾಸನೆ, ರುಚಿಗಳನ್ನು ಎಚ್ಚರಿಕೆಯಾಗಿ ನಂಬುವುದು ಸಹಜ. ಆದರೆ ಈ ನಂಬಿಕೆಗೆ ಮಿತಿಯುಂಟು. ಇದೇ ಜಿಲ್ಲೆಯ ಸುರಪುರ ತಾಲೂಕಿನ ಕಿರದಳ್ಳಿ ತಾಂಡಾದ ಅಂತರ್ಜಲದಲ್ಲಿ ಆರ್ಸೆನಿಕ್ ಇದ್ದುದನ್ನೂ, ನಿವಾಸಿಗಳ ಆರೋಗ್ಯದ ಮೇಲಾದ ಅದರ ದುಷ್ಪರಿಣಾಮವನ್ನೂ 2013ರಲ್ಲಿ ಪ್ರಕಟವಾದ ಅಧ್ಯಯನವೊಂದು ದಾಖಲಿಸಿದೆ. ಕುಡಿಯುವ ನೀರಿನಲ್ಲಿ ಕರಗಿದ ಆರ್ಸೆನಿಕ್‌ಗೆ ರುಚಿಯಿಲ್ಲ, ವಾಸನೆಯಿಲ್ಲ, ಬಣ್ಣವಿಲ್ಲ. ಕಹಿಯ ಗ್ರಾಹಕಗಳೆಲ್ಲವೂ ಕೆಲಸ ಮಾಡುತ್ತಿದ್ದರೂ ಆ ನೀರನ್ನು ಅವು ತಡೆಯಲಾರವು. ವಿಶ್ವ ಆರೋಗ್ಯ ಸಂಸ್ಥೆಯು ಸೂಚಿಸಿದ ಮಿತಿ ಲೀಟರಿಗೆ 10 ಮೈಕ್ರೋಗ್ರಾಂ. ಇದನ್ನು ಅಳೆಯಲು ಉಪಕರಣವೇ ಬೇಕು.

ಆದ್ದರಿಂದ ಕಹಿಯ ಅಧ್ಯಯನದಿಂದ ದೊರೆಯುವ ಪಾಠ ಎರಡು ಬಗೆಯದು. ದೇಹದ ಕಾವಲು ಎಷ್ಟು ಸೂಕ್ಷ್ಮವಾದುದೆಂದು ಗಸ್ಟ್‌ಡ್ಯೂಸಿನ್ ತೋರಿಸುತ್ತದೆ. ಆ ಕಾವಲು ತಲುಪದ ಕಡೆ ಕ್ರಮಬದ್ಧ ನೀರಿನ ಪರೀಕ್ಷೆ ಅನಿವಾರ್ಯವೆಂಬುದನ್ನು ಕಿರದಳ್ಳಿಯ ಅನುಭವ ತಿಳಿಸುತ್ತದೆ. ಕೈಗಾರಿಕೆ ಬೆಳೆಯುತ್ತಿರುವ ಪ್ರದೇಶಗಳಲ್ಲಿ ಬಾವಿ ಮತ್ತು ಕೊಳವೆಬಾವಿಗಳ ಪರೀಕ್ಷೆಯು ದೂರು ಬಂದ ಮೇಲೆ ನಡೆಯುವ ಕ್ರಿಯೆಯಾಗದೆ ನಿಯತವಾಗಿ ನಡೆಯಬೇಕು.