ಮಕ್ಕಳ ‘ಬ್ರೈನ್ ಕೋರ್ಸ್’ಗೆ ಫೀಸ್ ಕಟ್ಟುವ ಮುನ್ನ: ‘ವೈಜ್ಞಾನಿಕವಾಗಿ ಸಾಬೀತು’ ಅಂದರೆ ಏನು?

ಬೇಸಿಗೆ ರಜೆ ಹತ್ತಿರ ಬಂತೆಂದರೆ ಬಸ್ ನಿಲ್ದಾಣದ ಗೋಡೆ, ಪೇಪರ್ ಒಳಗೆ ಇಟ್ಟು ಬರುವ ಪಾಂಪ್ಲೆಟ್, ವಾಟ್ಸ್ಆ್ಯಪ್ ಗ್ರೂಪ್ ಎಲ್ಲ ಕಡೆ ಒಂದೇ ಬಗೆಯ ಜಾಹೀರಾತು. ‘ಮಗುವಿನ ನೆನಪಿನ ಶಕ್ತಿ ದುಪ್ಪಟ್ಟು’, ‘ಮೆದುಳಿನ ಎರಡೂ ಭಾಗ ಚುರುಕು’, ‘ವೈಜ್ಞಾನಿಕವಾಗಿ ಸಾಬೀತಾದ ವಿಧಾನ’. ಫೀಸ್ ಮಾತ್ರ ಸಾವಿರದ ಲೆಕ್ಕದಲ್ಲಿ. ಮಗ ಓದಿನಲ್ಲಿ ಹಿಂದೆ ಅಂತ ಚಿಂತೆಯಲ್ಲಿರುವ ತಂದೆ ತಾಯಿ ಸಾಲ ಮಾಡಿಯಾದರೂ ಕಟ್ಟಿಬಿಡುತ್ತಾರೆ.

ಇಂಥ ಮಾತು ನಿಜವೋ ಸುಳ್ಳೋ ತಿಳಿಯಲು ಡಾಕ್ಟರೇ ಆಗಬೇಕಿಲ್ಲ. ಮನಶ್ಶಾಸ್ತ್ರ, ನರವಿಜ್ಞಾನದವರು ಸಂಶೋಧನೆ ಹೇಗೆ ಮಾಡುತ್ತಾರೆ, ಒಬ್ಬರು ಮಾಡಿದ್ದನ್ನು ಇನ್ನೊಬ್ಬರು ಹೇಗೆ ಒರೆಗೆ ಹಚ್ಚುತ್ತಾರೆ ಎಂಬುದು ಸ್ವಲ್ಪ ಗೊತ್ತಿದ್ದರೆ ಸಾಕು.

ಕಣ್ಣಿಗೆ ಬಟ್ಟೆ ಕಟ್ಟಿ ಓದುವ ಮಕ್ಕಳು

ಕೆಲ ವರ್ಷಗಳ ಹಿಂದೆ ರಾಜ್ಯದಲ್ಲಿ ‘ಮಿಡ್‌ಬ್ರೈನ್ ಆ್ಯಕ್ಟಿವೇಶನ್’ ತರಬೇತಿ ಜೋರಾಗಿತ್ತು. ತರಬೇತಿ ಪಡೆದ ಮಕ್ಕಳು ಕಣ್ಣಿಗೆ ಬಟ್ಟೆ ಕಟ್ಟಿಕೊಂಡೇ ಪುಸ್ತಕ ಓದುತ್ತಾರೆ, ಬಣ್ಣ ಹೇಳುತ್ತಾರೆ ಎಂಬುದು ಅದರ ಪ್ರಚಾರ. ವೇದಿಕೆ ಮೇಲೆ ನೋಡಿದವರಿಗೆ ಅಚ್ಚರಿ.

ಮಿಡ್‌ಬ್ರೈನ್ ಅಂದರೆ ಮೆದುಳಿನ ಕಾಂಡದ ಮೇಲ್ಭಾಗದಲ್ಲಿರುವ ಸಣ್ಣ ಭಾಗ. ಕಣ್ಣುಗುಡ್ಡೆ ಹೊರಳಿಸುವುದು, ಸದ್ದು ಬಂದ ಕಡೆ ತಿರುಗುವುದು ಮುಂತಾದ ಕೆಲಸಕ್ಕೆ ಇದು ನೆರವಾಗುತ್ತದೆ. ಹುಟ್ಟಿದಾಗಿನಿಂದಲೇ ಕೆಲಸ ಮಾಡುತ್ತಿರುವ ಭಾಗವನ್ನು ಹೊಸದಾಗಿ ‘ಆನ್’ ಮಾಡಲು ಏನೂ ಉಳಿದಿಲ್ಲ. ಕಣ್ಣಿಗೆ ಬೆಳಕು ಹೋಗದೆ ಅಕ್ಷರ ಕಾಣುವುದೂ ಇಲ್ಲ.

ಮಂಗಳೂರಿನ ವಿಚಾರವಾದಿ ಪ್ರೊ. ನರೇಂದ್ರ ನಾಯಕ್ ಇದರ ವಿರುದ್ಧ ಪ್ರಾತ್ಯಕ್ಷಿಕೆ ನೀಡುತ್ತಾ ಬಂದವರು. ಗುಟ್ಟು ಸರಳ: ಬಟ್ಟೆ ಎಷ್ಟೇ ಬಿಗಿಯಾಗಿ ಕಟ್ಟಿದರೂ ಮೂಗಿನ ಪಕ್ಕ ಸಣ್ಣ ಸಂದು ಉಳಿಯುತ್ತದೆ, ಅಲ್ಲಿಂದ ಕೆಳಗೆ ಇಣುಕಬಹುದು. ಪರೀಕ್ಷಿಸುವುದೂ ಸುಲಭ. ಗಲ್ಲದ ಕೆಳಗೆ ಅಡ್ಡಲಾಗಿ ಒಂದು ರಟ್ಟು ಹಿಡಿಯಿರಿ, ಇಲ್ಲವೇ ಪುಸ್ತಕವನ್ನು ಮಗುವಿನ ತಲೆಯ ಹಿಂದೆ ಇಡಿ. ಶಕ್ತಿ ನಿಜವಾದರೆ ರಟ್ಟು ಅಡ್ಡ ಬರಬಾರದು. ಓದು ಅಲ್ಲಿಗೇ ನಿಂತರೆ ಉತ್ತರ ಸಿಕ್ಕಿತು.

ಇಲ್ಲಿ ಹೋಗುವುದು ದುಡ್ಡು ಮಾತ್ರ ಅಲ್ಲ. ಅಷ್ಟು ಫೀಸ್ ಕಟ್ಟಿದ ಅಪ್ಪನ ಮುಂದೆ ‘ನನಗೆ ಏನೂ ಕಾಣಿಸುತ್ತಿಲ್ಲ’ ಅನ್ನುವ ಧೈರ್ಯ ಎಂಟು ವರ್ಷದ ಮಗುವಿಗೆ ಇರುವುದಿಲ್ಲ. ಇಣುಕಿ ನೋಡಿ ಹೇಳಿ ಚಪ್ಪಾಳೆ ಗಿಟ್ಟಿಸುವುದನ್ನು ಕಲಿಯುತ್ತದೆ. ಹಾಗಾಗಿ ತಪ್ಪು ಮಗುವಿನದಲ್ಲ, ಬೈಯಬಾರದು.

ಲೆಕ್ಕ ಮಾಡುವ ಕುದುರೆ ಕಲಿಸಿದ ಪಾಠ

ಸುಮಾರು 120 ವರ್ಷಗಳ ಹಿಂದೆ ಜರ್ಮನಿಯ ಬರ್ಲಿನ್‌ನಲ್ಲಿ ‘ಹಾನ್ಸ್’ ಎಂಬ ಕುದುರೆ ಹೆಸರುವಾಸಿಯಾಗಿತ್ತು. ಕೂಡುವ, ಕಳೆಯುವ ಲೆಕ್ಕ ಕೇಳಿದರೆ ಗೊರಸು ನೆಲಕ್ಕೆ ತಟ್ಟಿ ಉತ್ತರ ಕೊಡುತ್ತಿತ್ತು. ಒಡೆಯ ಮೋಸಗಾರ ಆಗಿರಲಿಲ್ಲ, ದುಡ್ಡೂ ಕೇಳುತ್ತಿರಲಿಲ್ಲ.

ಆಸ್ಕರ್ ಫುಂಗ್ಸ್ಟ್ ಎಂಬ ಸಂಶೋಧಕ ಬೇರೆ ಬೇರೆ ರೀತಿ ಪರೀಕ್ಷಿಸಿದರು. ಪ್ರಶ್ನೆ ಕೇಳುವವರಿಗೇ ಉತ್ತರ ಗೊತ್ತಿಲ್ಲದಿದ್ದರೆ ಕುದುರೆಗೂ ಗೊತ್ತಾಗುತ್ತಿರಲಿಲ್ಲ. ಕೇಳುವವರು ಕಣ್ಣಿಗೆ ಕಾಣದಿದ್ದರೂ ಉತ್ತರ ತಪ್ಪುತ್ತಿತ್ತು. ಸರಿಯಾದ ಸಂಖ್ಯೆ ಬಂದ ಕ್ಷಣ ಕೇಳುವವರ ತಲೆ ತಮಗೇ ಗೊತ್ತಿಲ್ಲದಂತೆ ಚೂರು ಅಲುಗುತ್ತಿತ್ತು, ಕುದುರೆ ಅದನ್ನು ನೋಡಿ ನಿಲ್ಲಿಸುತ್ತಿತ್ತು. 1907ರಲ್ಲಿ ಈ ವಿವರ ಪ್ರಕಟವಾಯಿತು.

ಅಂದಿನಿಂದ ಸಂಶೋಧಕರು ಪಾಲಿಸುವ ನಿಯಮ ಒಂದಿದೆ: ಪರೀಕ್ಷೆ ಮಾಡುವವರಿಗೆ, ಅಂಕ ಹಾಕುವವರಿಗೆ ಸಾಧ್ಯವಾದಷ್ಟೂ ಉತ್ತರ ಗೊತ್ತಿರಬಾರದು. ಕೋರ್ಸ್ ನಡೆಸುವವರೇ ಪರೀಕ್ಷೆ ಮಾಡಿ, ಅವರೇ ಅಂಕ ಕೊಟ್ಟರೆ ಅದು ತನ್ನ ತಕ್ಕಡಿಯಲ್ಲಿ ತಾನೇ ತೂಗಿದ ಹಾಗೆ.

ಬೋರ್ಡ್ ಬದಲಾಗಿದ್ದಕ್ಕೋ, ಹಬ್ಬ ಬಂದಿದ್ದಕ್ಕೋ?

ದೀಪಾವಳಿ ವಾರದಲ್ಲಿ ಅಂಗಡಿಗೆ ಹೊಸ ಬೋರ್ಡ್ ಹಾಕಿಸಿದಿರಿ, ಗಲ್ಲಾಪೆಟ್ಟಿಗೆ ತುಂಬಿತು ಅಂತಿಟ್ಟುಕೊಳ್ಳಿ. ಅದು ಬೋರ್ಡ್‌ನಿಂದ ಆಯಿತೇ? ಪಕ್ಕದ ಅಂಗಡಿಯವರಿಗೂ ಹಳೇ ಬೋರ್ಡ್‌ನಲ್ಲೇ ಅಷ್ಟೇ ವ್ಯಾಪಾರ ಆಗಿದ್ದರೆ ಕಾರಣ ಹಬ್ಬ, ಬೋರ್ಡ್ ಅಲ್ಲ.

ಮಕ್ಕಳ ವಿಷಯವೂ ಹೀಗೇ. ಕೋರ್ಸ್‌ಗೆ ಸೇರಿದ ಮಗು ಆರು ತಿಂಗಳಲ್ಲಿ ಚುರುಕಾಗಿದ್ದರೆ, ಆರು ತಿಂಗಳು ದೊಡ್ಡದಾಗಿದೆ, ಶಾಲೆಯಲ್ಲೂ ಪಾಠ ಕಲಿತಿದೆ. ಜ್ವರ ಬಂದಾಗ ಪರೀಕ್ಷೆ ಬರೆದು 35 ಅಂಕ ತೆಗೆದವರು ಮುಂದಿನ ಸಲ ಏನೂ ಮಾಡದೆ 55 ತೆಗೆಯಬಹುದು. ನಡುವೆ ಕೋರ್ಸ್ ಮಾಡಿಸಿದ್ದರೆ ಹೆಸರು ಕೋರ್ಸ್‌ಗೆ ಹೋಗುತ್ತದೆ.

ಅದಕ್ಕೇ ಸಂಶೋಧಕರು ಎರಡು ಗುಂಪು ಮಾಡುತ್ತಾರೆ, ಒಂದಕ್ಕೆ ತರಬೇತಿ, ಇನ್ನೊಂದಕ್ಕೆ ಇಲ್ಲ. ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಇಲ್ಲದಿದ್ದರೆ ಮೊದಲೇ ಚುರುಕಾಗಿದ್ದವರು ಒಂದೇ ಗುಂಪಿಗೆ ಸೇರಿಬಿಡಬಹುದು.

36 ವಿದ್ಯಾರ್ಥಿಗಳು, ಊರೆಲ್ಲಾ ಸುದ್ದಿ

ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ 10 ನಿಮಿಷ ಮೊಜಾರ್ಟ್ ಸಂಗೀತ ಕೇಳಿಸಲಾಯಿತು. ಒಂದು ಬಗೆಯ ಆಕೃತಿ ಜೋಡಣೆ ಲೆಕ್ಕದಲ್ಲಿ ಅವರ ಅಂಕ ಸ್ವಲ್ಪ ಹೆಚ್ಚಾಯಿತು. ಅದು ಉಳಿದದ್ದು 10–15 ನಿಮಿಷ ಮಾತ್ರ. 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಇದು ಪ್ರಕಟವಾಯಿತು.

ಮುಂದೆ ಸುದ್ದಿ ಬಾಯಿಂದ ಬಾಯಿಗೆ ಹೋಗಿ ‘ಮೊಜಾರ್ಟ್ ಕೇಳಿದರೆ ಶಿಶುಗಳು ಬುದ್ಧಿವಂತರಾಗುತ್ತಾರೆ’ ಎಂದಾಯಿತು. ಅಧ್ಯಯನದಲ್ಲಿ ಒಂದು ಶಿಶುವೂ ಇರಲಿಲ್ಲ! 1998ರಲ್ಲಿ ಜಾರ್ಜಿಯಾ ರಾಜ್ಯದ ಗವರ್ನರ್ ಹುಟ್ಟುವ ಪ್ರತಿ ಮಗುವಿಗೂ ಸಂಗೀತದ ಸಿ.ಡಿ. ಕೊಡಲು ಬಜೆಟ್‌ನಲ್ಲಿ 1,05,000 ಡಾಲರ್ ಕೇಳಿದರು. ಕೊನೆಗೆ 2010ರಲ್ಲಿ ಆಸ್ಟ್ರಿಯಾದ ಸಂಶೋಧಕರು ಸುಮಾರು 40 ಅಧ್ಯಯನಗಳನ್ನು ಒಟ್ಟುಗೂಡಿಸಿ ನೋಡಿದಾಗ, ಮೊಜಾರ್ಟ್‌ಗೇ ಸೇರಿದ ವಿಶೇಷ ಗುಣ ಏನೂ ಕಾಣಲಿಲ್ಲ.

ಸತ್ತ ಮೀನಿನ ಮೆದುಳಿನ ‘ಸ್ಕ್ಯಾನ್’

ಜಾಹೀರಾತಿನಲ್ಲಿ ಕೆಂಪು, ಹಳದಿ ಬಣ್ಣದ ಮೆದುಳಿನ ಚಿತ್ರ ಇದ್ದರೆ ಜನ ಬೇಗ ನಂಬುತ್ತಾರೆ. 2009ರಲ್ಲಿ ಅಮೆರಿಕದ ಸಂಶೋಧಕರು ಸತ್ತುಹೋಗಿದ್ದ ಒಂದು ಸಾಲ್ಮನ್ ಮೀನನ್ನು ಸ್ಕ್ಯಾನಿಂಗ್ ಯಂತ್ರದಲ್ಲಿಟ್ಟು, ಅದಕ್ಕೆ ಮನುಷ್ಯರ ಫೋಟೊ ತೋರಿಸಿದರು. ಲೆಕ್ಕಾಚಾರದಲ್ಲಿ ಮೀನಿನ ಮೆದುಳಿನ ಒಂದು ಚುಕ್ಕೆ ‘ಕೆಲಸ ಮಾಡಿದಂತೆ’ ಬಂತು!

ಸ್ಕ್ಯಾನ್ ಚಿತ್ರದಲ್ಲಿ ಸಾವಿರಾರು ಸಣ್ಣ ಚೌಕಗಳಿರುತ್ತವೆ. ಅಷ್ಟನ್ನೂ ಒಂದೊಂದಾಗಿ ಪರೀಕ್ಷಿಸಿದರೆ ಕೆಲವು ಆಕಸ್ಮಿಕವಾಗಿ ‘ಹೌದು’ ಅನ್ನುತ್ತವೆ. ಅದಕ್ಕೆ ತಕ್ಕ ತಿದ್ದುಪಡಿ ಮಾಡಿದ ಕೂಡಲೇ ಮೀನಿನ ಚುಕ್ಕೆ ಮಾಯವಾಯಿತು. ಈ ತಿದ್ದುಪಡಿ ಮರೆಯಬೇಡಿ ಅಂತ ತಮ್ಮವರನ್ನೇ ಎಚ್ಚರಿಸಲು ಅವರು ಇದನ್ನು ಪ್ರಕಟಿಸಿದರು. ಯಂತ್ರ ಸುಳ್ಳು ಅಂತ ಇದರ ಅರ್ಥವಲ್ಲ, ಚಿತ್ರವೊಂದೇ ಸಾಕ್ಷಿಯಲ್ಲ ಅಷ್ಟೇ.

ಇನ್ನೊಬ್ಬರು ಮಾಡಿದರೂ ಬರಬೇಕು

ಮನಶ್ಶಾಸ್ತ್ರದ 100 ಪ್ರಕಟಿತ ಅಧ್ಯಯನಗಳನ್ನು ಬೇರೆ ಸಂಶೋಧಕರು ಮತ್ತೆ ಮಾಡಿ ನೋಡಿದರು. ಫಲಿತಾಂಶ 2015ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ಮೊದಲ ಸಲ 97ರಲ್ಲಿ ಪರಿಣಾಮ ಇದೆ ಅಂತ ಬಂದಿದ್ದರೆ, ಎರಡನೇ ಸಲ ಹಾಗೆ ಬಂದದ್ದು ಶೇ. 36ರಷ್ಟರಲ್ಲಿ ಮಾತ್ರ. ಗುಂಪು ಚಿಕ್ಕದಾಗಿರುವುದು, ಫಲ ಬಂದ ಅಧ್ಯಯನ ಮಾತ್ರ ಪ್ರಕಟವಾಗಿ ಉಳಿದವು ಕಪಾಟಿನಲ್ಲೇ ಉಳಿಯುವುದು ಇದಕ್ಕೆ ಮುಖ್ಯ ಕಾರಣಗಳು. ಈಗ ಹಲವು ಸಂಶೋಧಕರು ಏನು ಅಳೆಯುತ್ತೇವೆ ಎಂಬುದನ್ನು ಶುರುವಿಗೆ ಮುಂಚೆಯೇ ಬರೆದು ನೋಂದಾಯಿಸುತ್ತಾರೆ.

ಹಾಗಂತ ವಿಜ್ಞಾನವೇ ಸುಳ್ಳು ಅನ್ನುವಂತಿಲ್ಲ. ತನ್ನ ತಪ್ಪನ್ನು ತಾನೇ ಹುಡುಕಿ ಜನರ ಮುಂದೆ ಇಟ್ಟಿದ್ದೂ ವಿಜ್ಞಾನವೇ. ಪಾಂಪ್ಲೆಟ್ ಹಂಚುವವರು ಹಾಗೆ ಮಾಡುವುದು ಅಪರೂಪ.

ಫೀಸ್ ಕಟ್ಟುವ ಮುನ್ನ ಕೇಳಿ

• ಅಧ್ಯಯನ ಎಲ್ಲಿ ಪ್ರಕಟವಾಗಿದೆ? ಎಷ್ಟು ಮಕ್ಕಳ ಮೇಲೆ ಮಾಡಿದ್ದು, ಯಾವ ವಯಸ್ಸಿನವರು?

• ಕೋರ್ಸ್ ಮಾಡದ ಮಕ್ಕಳ ಜೊತೆ ಹೋಲಿಸಿದ್ದಾರಾ?

• ಅಂಕ ಹಾಕಿದ್ದು ಯಾರು? ಅವರಿಗೆ ಈ ಕೋರ್ಸ್‌ನಿಂದ ಲಾಭ ಇದೆಯಾ?

• ಸಂಬಂಧವಿಲ್ಲದ ಬೇರೆ ಯಾರಾದರೂ ಮಾಡಿದಾಗಲೂ ಅದೇ ಫಲ ಬಂತಾ?

• ಗೆದ್ದ ಮಕ್ಕಳ ವಿಡಿಯೊ ಇದೆ ಸರಿ, ಸೇರಿದವರು ಒಟ್ಟು ಎಷ್ಟು?

‘ಇದೆಲ್ಲಾ ನಿಮಗೆ ಅರ್ಥ ಆಗಲ್ಲ ಸಾರ್’ ಅಂತ ಉತ್ತರ ಬಂದರೆ ದುಡ್ಡು ಜೇಬಿನಲ್ಲೇ ಇರಲಿ. ಕಟ್ಟುವುದೇ ಆದರೆ ರಸೀದಿ ಪಡೆಯಿರಿ, ಪಾಂಪ್ಲೆಟ್ ಎತ್ತಿಡಿ. ದಾರಿ ತಪ್ಪಿಸುವ ಜಾಹೀರಾತಿನ ಬಗ್ಗೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ಜಿಲ್ಲಾ ಗ್ರಾಹಕ ಆಯೋಗಕ್ಕೂ ದೂರು ಕೊಡಬಹುದು.

ಸಂಶೋಧನೆಗೆ ಅಂತ ಶಾಲೆಗೆ ಬಂದರೆ?

ನಿಜವಾದ ಸಂಶೋಧಕರು ಮೊದಲು ನೈತಿಕ ಸಮಿತಿಯ ಒಪ್ಪಿಗೆ ಪಡೆದಿರಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಪ್ರಕಾರ ಪೋಷಕರ ಒಪ್ಪಿಗೆ ಬೇಕು, ಏಳು ವರ್ಷ ದಾಟಿದ ಮಗುವಿನ ಸಮ್ಮತಿಯನ್ನೂ ಕೇಳಬೇಕು. ಅರ್ಥವಾಗುವ ಭಾಷೆಯಲ್ಲಿ ವಿವರಿಸಬೇಕು. ಯಾವಾಗ ಬೇಕಾದರೂ ಬಿಟ್ಟುಬರುವ ಹಕ್ಕು ಇರುತ್ತದೆ.

ಮಗುವಿಗೆ ಓದು, ಬರಹ, ಗಮನದಲ್ಲಿ ನಿಜವಾಗಿಯೂ ತೊಂದರೆ ಇದ್ದರೆ ಮೊದಲು ಕಣ್ಣು, ಕಿವಿ ಪರೀಕ್ಷೆ ಮಾಡಿಸಿ, ಶಾಲೆಯ ಮೇಷ್ಟ್ರ ಜೊತೆ ಮಾತಾಡಿ. ಜಿಲ್ಲಾ ಆಸ್ಪತ್ರೆಯ ಮನೋವೈದ್ಯರನ್ನು ಕಾಣಬಹುದು. ಮಾನಸಿಕ ಆರೋಗ್ಯದ ಸಲಹೆಗೆ ‘ಟೆಲಿ ಮಾನಸ್’ 14416ಕ್ಕೆ ಉಚಿತವಾಗಿ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡಬಹುದು.