ಹಳಿ ಇತ್ತ, ಹೆದ್ದಾರಿ ಅತ್ತ: ನಡುವೆ ಕರ್ಜಗಿ

ಹುಬ್ಬಳ್ಳಿಯಿಂದ ಹಾವೇರಿಗೆ ಎರಡು ದಾರಿ. ಬಸ್ಸು ಹಿಡಿದರೆ ಶಿಗ್ಗಾವಿ, ಬಂಕಾಪುರದ ಮೇಲೆ. ರೈಲು ಹತ್ತಿದರೆ ಕುಂದಗೋಳ, ಗುಡಗೇರಿ, ಯಲವಿಗಿ, ಆಮೇಲೆ ವರದಾ ಹೊಳೆ, ಕರ್ಜಗಿ. ಹಳಿ ಊರಿಗೇ ಬಂತು, ಹೆದ್ದಾರಿ ದೂರದಲ್ಲೇ ಹಾದುಹೋಯಿತು. ಕರ್ಜಗಿಯಿಂದ ದಿನಾ ಓಡಾಡುವವರ ಪಾಡಿಗೆ ಮೂಲ ಇಲ್ಲೇ ಇದೆ.

1876–78ರ ಧಾತು ಸಂವತ್ಸರದ ಬರದಲ್ಲಿ ಧಾರವಾಡ ಸೀಮೆಗೆ ಕಾಳು ಸಾಗಿಸಲು ದಾರಿಯಿರಲಿಲ್ಲ. ಆ ಪಾಠದ ಮೇಲೆ 1882ರಲ್ಲಿ ಸದರ್ನ್ ಮರಾಠಾ ರೈಲ್ವೆ ಹುಟ್ಟಿತು. ಬರ ಒಂದು ಕಾರಣವಾದರೆ, ಈ ಭಾಗದ ಹತ್ತಿಯನ್ನು ಮರ್ಮಗೋವಾ ಬಂದರಿಗೆ ಮುಟ್ಟಿಸುವುದು ಇನ್ನೊಂದು. ನಿತ್ಯ ಶಾಲೆಗೆ, ಕಚೇರಿಗೆ ಹೋಗುವವರು ಆ ಲೆಕ್ಕದಲ್ಲಿ ಎಲ್ಲಿಂದ ಬರಬೇಕು? ಆಗ ಕರ್ಜಗಿ ಎಂಬುದು ತಾಲ್ಲೂಕಿನ ಹೆಸರು. ಇಂದು ಕಾರಹುಣ್ಣಿಮೆಗೆ ಹೆಸರಾದ ಊರು, ಅಷ್ಟೇ.

ದಿನದ ಪ್ರಯಾಣಿಕ ಹುಟ್ಟಿಕೊಂಡದ್ದು ಬಹಳ ತಡವಾಗಿ. 1997ರ ಆಗಸ್ಟ್‌ನಲ್ಲಿ ಹಾವೇರಿ ಜಿಲ್ಲೆಯಾಯಿತು. ಧಾರವಾಡಕ್ಕೆ ಅಲೆಯುತ್ತಿದ್ದ ಕಾಗದಪತ್ರಗಳೆಲ್ಲ ದೇವಗಿರಿಯ ಜಿಲ್ಲಾಡಳಿತ ಭವನಕ್ಕೆ ಬಂದವು, ಕಾಲೇಜುಗಳು ಬಂದವು. ಅದೇ ವರ್ಷ ನವೆಂಬರ್‌ನಲ್ಲಿ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯೂ ಬೇರೆಯಾಗಿ ನಿಂತಿತು. ಬಸ್ಸುಗಳು ಹೆದ್ದಾರಿಯನ್ನೇ ನೆಚ್ಚಿಕೊಂಡವು. ಬ್ಯಾಡಗಿಯದೂ ಇದೇ ಕಥೆ: ರೈಲು ಊರೊಳಗೆ, ಹೆದ್ದಾರಿ ಮೋಟೆಬೆನ್ನೂರಿನಲ್ಲಿ. ಮೆಣಸಿನಕಾಯಿ ಮಾರುಕಟ್ಟೆಯ ದಿನ ಹೆದ್ದಾರಿಯಲ್ಲಿ ಇಳಿದವರಿಗೆ ಟಂಟಂ ಗತಿ. ಹಳಿ, ಹೆದ್ದಾರಿ ಎರಡೂ ದಕ್ಕಿದ್ದು ರಾಣೆಬೆನ್ನೂರಿಗೆ. ಬಹುಶಃ ಅದಕ್ಕೇ ಅಲ್ಲಿಯವರ ದೂರು ಸ್ವಲ್ಪ ಕಡಿಮೆ.

ಹಳ್ಳಿಯಲ್ಲಿ ಬೆಳಗಾಗುವುದು ವಸ್ತಿ ಬಸ್ಸಿನಿಂದ. ರಾತ್ರಿ ಬಂದು ಗುಡಿಯ ಮುಂದೆ ನಿಂತ ಗಾಡಿ ನಸುಕಿನಲ್ಲೇ ಹೊರಡುತ್ತದೆ. ಅದು ತಪ್ಪಿದರೆ ಮುಂದಿನದಕ್ಕೆ ಕಾಯಬೇಕು. 2023ರ ಜೂನ್ 11ರಂದು ಉಚಿತ ಬಸ್ ಪ್ರಯಾಣದ ಶಕ್ತಿ ಯೋಜನೆ ಬಂದ ಮೇಲೆ ಕೂಲಿಗೆ, ಆಸ್ಪತ್ರೆಗೆ, ತವರಿಗೆ ಹೆಣ್ಣುಮಕ್ಕಳು ಧಾರಾಳವಾಗಿ ಹೊರಟರು. ಕಂಡಕ್ಟರ್ ಶೂನ್ಯ ಟಿಕೆಟ್ ಹರಿದು ಮುಗಿಸುವಷ್ಟರಲ್ಲಿ ಹಾವೇರಿ ಬಂದಿರುತ್ತದೆ. ಪಾಸಿನ ಹುಡುಗರು ಬಾಗಿಲ ಸರಳು ಹಿಡಿದು, ಚೀಲವನ್ನು ಒಳಗಿದ್ದವರ ಮಡಿಲಿಗೆ ದಾಟಿಸಿ, ಒಂದೇ ಕಾಲಲ್ಲಿ ನಿಲ್ಲುತ್ತಾರೆ. ಇದನ್ನು ಯೋಜನೆಯ ದೋಷ ಎನ್ನುವವರಿದ್ದಾರೆ. ನಾನು ಒಪ್ಪುವುದಿಲ್ಲ. ಜನ ಹೆಚ್ಚಿದರೆ ಗಾಡಿಯೂ ಹೆಚ್ಚಬೇಕಿತ್ತು.

ಇತ್ತ ರೈಲಿನಲ್ಲಿ ಆದ ಸುಧಾರಣೆ ಕಡಿಮೆಯಲ್ಲ. 1990ರ ದಶಕದಲ್ಲಿ ಮೀಟರ್‌ಗೇಜ್ ಹೋಗಿ ಬ್ರಾಡ್‌ಗೇಜ್ ಬಂತು. ಈಚೆಗೆ ಹುಬ್ಬಳ್ಳಿ–ಚಿಕ್ಕಜಾಜೂರು ನಡುವಿನ ಸುಮಾರು 190 ಕಿ.ಮೀ. ಜೋಡಿ ಹಳಿಯಾಯಿತು, ವಿದ್ಯುತ್ ತಂತಿಯೂ ಬಂತು. ಒಂಟಿ ಹಳಿಯ ಕಾಲದಲ್ಲಿ ಎಕ್ಸ್‌ಪ್ರೆಸ್ ದಾಟಲಿ ಎಂದು ಪ್ಯಾಸೆಂಜರ್ ಗಾಡಿ ‘ಕ್ರಾಸಿಂಗ್’ಗೆ ನಿಂತರೆ ಶಾಲೆಯ ಮೊದಲ ಗಂಟೆ ಹೋದಂತೆಯೇ. ಆ ನೆಪ ಈಗ ಸಲ್ಲದು. ಆದರೆ ಲಾಭ ಮೊದಲು ದಕ್ಕಿದ್ದು ದೂರ ಹೋಗುವವರಿಗೆ. 2023ರ ಜೂನ್‌ನಲ್ಲಿ ಬೆಂಗಳೂರು–ಧಾರವಾಡ ವಂದೇ ಭಾರತ್ ಶುರುವಾದಾಗ ಅದಕ್ಕೆ ಹಾವೇರಿ ಜಿಲ್ಲೆಯಲ್ಲಿ ಒಂದೂ ನಿಲುಗಡೆ ಇರಲಿಲ್ಲ. ಕೋವಿಡ್ ನಂತರ ಪ್ಯಾಸೆಂಜರ್ ಗಾಡಿಗಳಿಗೆ ಎಕ್ಸ್‌ಪ್ರೆಸ್ ದರ ಅಂಟಿಕೊಂಡು ಕನಿಷ್ಠ ಟಿಕೆಟ್ 30 ರೂಪಾಯಿ ಆಗಿತ್ತು. ಅದು ಮತ್ತೆ 10ಕ್ಕೆ ಇಳಿದದ್ದು 2024ರ ಫೆಬ್ರವರಿಯಲ್ಲಿ. ಹೆಣ್ಣುಮಕ್ಕಳಿಗೆ ಪದವಿಯವರೆಗೆ, ಗಂಡುಮಕ್ಕಳಿಗೆ 12ನೇ ತರಗತಿಯವರೆಗೆ ಮನೆಯಿಂದ ಶಾಲೆ-ಕಾಲೇಜಿಗೆ ರೈಲಿನ ಉಚಿತ ಪಾಸ್ ಉಂಟೆಂಬುದು ಹಳ್ಳಿಯ ಎಷ್ಟು ಪಾಲಕರಿಗೆ ಗೊತ್ತು? ಗೊತ್ತಿದ್ದರೂ, ಗಂಟೆ ಹೊಡೆಯುವ ಮುನ್ನ ಮುಟ್ಟಿಸುವ ಗಾಡಿಯಿಲ್ಲದಿದ್ದರೆ ಪಾಸ್ ಕಿಸೆಯಲ್ಲೇ ಉಳಿಯುತ್ತದೆ.

ಇನ್ನು ಹಾವೇರಿಯಲ್ಲಿ ಇಳಿದವರ ಪಾಡು. ನಿಲ್ದಾಣಕ್ಕೆ 1943ರಲ್ಲಿ ಹೊಸರಿತ್ತಿಯಲ್ಲಿ ಹುತಾತ್ಮರಾದ ಮೈಲಾರ ಮಹಾದೇವಪ್ಪನವರ ಹೆಸರಿದೆ. ಅಲ್ಲಿಂದ ದೇವಗಿರಿಯ ಕಚೇರಿಗೆ ಮತ್ತೊಂದು ವಾಹನ ಬೇಕು. ರೈಲಿನ ದುಡ್ಡಿಗಿಂತ ಆಟೊದ ದುಡ್ಡೇ ಜಾಸ್ತಿ!

ಇಲ್ಲಿನ ರೈಲು ನಿಲ್ದಾಣಗಳು ಮೈಸೂರು ವಿಭಾಗಕ್ಕೆ ಸೇರಿವೆ, ಬಸ್ಸಿನದು ಹಾವೇರಿ ವಿಭಾಗ. ಮನವಿ ಒಂದು ದಿಕ್ಕಿಗೆ, ಠರಾವು ಇನ್ನೊಂದು ದಿಕ್ಕಿಗೆ. ಆದರೆ ನೈಋತ್ಯ ರೈಲ್ವೆ, ವಾಯವ್ಯ ಸಾರಿಗೆ ಎರಡರ ಕೇಂದ್ರ ಕಚೇರಿಯೂ ಇರುವುದು ಹುಬ್ಬಳ್ಳಿಯಲ್ಲೇ, ಒಂದು ಗದಗ ರಸ್ತೆಯಲ್ಲಿ, ಇನ್ನೊಂದು ಗೋಕುಲ ರಸ್ತೆಯಲ್ಲಿ. ಎರಡೂ ಕಡೆಯ ಅಧಿಕಾರಿಗಳು ವೇಳಾಪಟ್ಟಿಗಳನ್ನು ಒಂದೇ ಮೇಜಿನ ಮೇಲಿಟ್ಟು ಒಮ್ಮೆ ಕೂರಲಿ. ಕರ್ಜಗಿ, ಬ್ಯಾಡಗಿಯಿಂದ ಶಾಲೆ-ಕಚೇರಿಯ ಹೊತ್ತಿಗೆ ಒಂದು ಪ್ಯಾಸೆಂಜರ್ ಗಾಡಿ, ಅದು ಬಂದ ಹತ್ತು ನಿಮಿಷದೊಳಗೆ ನಿಲ್ದಾಣದ ಬಾಗಿಲಿನಿಂದ ದೇವಗಿರಿಗೆ ಒಂದು ಬಸ್ಸು, ಸಂಜೆ ಅದೇ ಮರಳಿ. ಇಷ್ಟು ಮಾಡಲು ಹೊಸ ಹಳಿಯೂ ಬೇಕಿಲ್ಲ, ಹೊಸ ರಸ್ತೆಯೂ ಬೇಕಿಲ್ಲ.